ಭೂಸನೂರಿನವರೆಗೆ ಬಾರದ ತಂಪು



ಕಳೆದ ವಾರ ಬೆಂಗಳೂರಿನಲ್ಲಿ ಮಗನ ಮನೆಯಲ್ಲಿದ್ದೆ. ಮಧ್ಯಾಹ್ನದ ಬಿಸಿಲಿನಲ್ಲಿ ಮೊಮ್ಮಗಳು ಮೊಬೈಲಿನ ಮೂಲಕ ಐಸ್‌ಕ್ರೀಮ್ ತರಿಸಿದಳು. ಸ್ವಲ್ಪ ಹೊತ್ತಿಗೆಲ್ಲ ಹುಡುಗನೊಬ್ಬ ಬಾಗಿಲಿಗೆ ಬಂದು, ಒಳಗೆ ಬೆಳ್ಳಿಯಂತೆ ಹೊಳೆಯುವ ಪದರವಿದ್ದ ದಪ್ಪ ಚೀಲದಿಂದ ಪೊಟ್ಟಣವನ್ನು ತೆಗೆದುಕೊಟ್ಟ. ಅದು ಕಲ್ಲಿನಂತೆ ಗಟ್ಟಿಯಾಗಿತ್ತು. ಮನೆಯವರೆಲ್ಲ ತಿಂದರು, ನಾನೂ ಎರಡು ಚಮಚ ತಿಂದೆ. ಆದರೆ ಆ ರಾತ್ರಿ ನನಗೆ ನಿದ್ರೆ ಹತ್ತಲಿಲ್ಲ. ಅಂಥದೊಂದು ಚೀಲ 2018ರ ಮೇ ತಿಂಗಳಿನಲ್ಲಿ ಕಲಬುರಗಿಯಿಂದ ಭೂಸನೂರಿಗೆ ಬಂದಿದ್ದರೆ, ನಾನು ನನ್ನ ಒಡಹುಟ್ಟಿದ ಅಕ್ಕನ ಮೇಲೆ ಸುಳ್ಳು ಆರೋಪವನ್ನು ಹೊರಿಸುತ್ತಿರಲಿಲ್ಲ.

ಅಕ್ಕ ಅನೇಕ ವರ್ಷಗಳಿಂದ ಸಕ್ಕರೆ ಕಾಯಿಲೆಯವಳು. ಮಾತ್ರೆಗಳು ಸಾಲದೆ ಇನ್ಸುಲಿನ್ ಚುಚ್ಚುಮದ್ದಿಗೆ ಬಂದಿದ್ದಳು. ಊರಿನಲ್ಲಿ ಅದು ಸಿಗುತ್ತಿರಲಿಲ್ಲವಾದ್ದರಿಂದ ಸೋದರಳಿಯನು ಕಲಬುರಗಿಗೆ ಹೋದಾಗಲೆಲ್ಲ ಎರಡು ಮೂರು ತಿಂಗಳಿಗೆ ಆಗುವಷ್ಟು ಒಮ್ಮೆಗೇ ಕೊಂಡು ತರುತ್ತಿದ್ದ. ಆ ಬೇಸಿಗೆಯಲ್ಲಿ ಅವಳ ರಕ್ತದ ಸಕ್ಕರೆ ಏರತೊಡಗಿತು. ವೈದ್ಯರು ಪ್ರಮಾಣವನ್ನು ಹೆಚ್ಚಿಸಿದರು, ಸಕ್ಕರೆ ಇಳಿಯಲಿಲ್ಲ. ಮತ್ತೆ ಹೆಚ್ಚಿಸಿದರು, ಆಗಲೂ ಇಳಿಯಲಿಲ್ಲ. ಕೊನೆಗೆ ಅವರು ನನ್ನ ಕಡೆ ತಿರುಗಿ, "ಇವರು ಬಾಯಿ ಕಟ್ಟುತ್ತಿಲ್ಲ, ನೀವಾದರೂ ತಿಳಿಸಿ ಹೇಳಿರಿ" ಎಂದರು. ಮಾವಿನ ಹಣ್ಣಿನ ಕಾಲ. ಮನೆಯಲ್ಲಿ ದಿನಬಿಟ್ಟು ದಿನ ಶೀಕರಣಿ. ನಾನು ಶಾಲೆಯಲ್ಲಿ ಕಳ್ಳತನ ಹಿಡಿದ ಮಾಸ್ತರನ ಹಾಗೆ ಮೊಮ್ಮಕ್ಕಳೆದುರಿಗೇ ಅವಳನ್ನು ಗದರಿಸಿದೆ. ಅವಳು ಹೇಳಿದ್ದು ಇಷ್ಟೇ: "ಶರಣಬಸಪ್ಪನ ಆಣಿಗೂ ನಾ ತಿಂದಿಲ್ಲೋ ತಮ್ಮಾ." ನಾನು ನಂಬಲಿಲ್ಲ. ಎರಡು ದಿನಗಳಲ್ಲಿ ಅವಳನ್ನು ಕಲಬುರಗಿಯ ಆಸ್ಪತ್ರೆಗೆ ಸೇರಿಸಬೇಕಾಯಿತು.

ಅಲ್ಲಿನ ತರುಣ ವೈದ್ಯೆಯೊಬ್ಬರು, ಬೇರೆ ಯಾರೂ ಕೇಳದೆ ಇದ್ದ ಪ್ರಶ್ನೆಯನ್ನು ಕೇಳಿದರು: "ಔಷಧಿಯನ್ನು ಊರಿಗೆ ಹೇಗೆ ಒಯ್ಯುತ್ತೀರಿ?" ಸೋದರಳಿಯ ಸಂಕೋಚದಿಂದ ವಿವರಿಸಿದ. ಅಂಗಡಿಯವರು ಫ್ರಿಜ್‌ನಿಂದ ತೆಗೆದು ತೆಳುವಾದ ಕ್ಯಾರಿಬ್ಯಾಗಿನಲ್ಲಿ ಹಾಕಿ ಕೊಟ್ಟಿದ್ದರು. ಅವನು ಅದನ್ನು ಬಸ್ಸಿನಲ್ಲಿ ಮುಂದುಗಡೆ ಇಂಜಿನ್ನಿನ ಪಕ್ಕದಲ್ಲಿ ಚೀಲದೊಳಗೆ ಇಟ್ಟುಕೊಂಡಿದ್ದ. ಆಳಂದದಲ್ಲಿ ಇಳಿದು, ಬಿತ್ತನೆ ಬೀಜದ ವಿಚಾರಣೆ ಮುಗಿಸಿ, ಚೀಲವನ್ನು ಬೈಕಿಗೆ ತೂಗುಹಾಕಿ ಊರು ಸೇರುವ ಹೊತ್ತಿಗೆ ಸಂಜೆಯಾಗಿತ್ತು. ಬಿಸಿಲು ನಲವತ್ತೆರಡು ಡಿಗ್ರಿ ದಾಟುವ ಕಾಲವದು. ಅವನೇನೂ ಅವಿವೇಕಿಯಲ್ಲ, ಪದವೀಧರ. ಅವನು ಅಂಗಡಿಯಲ್ಲಿ ಕೇಳಿಯೂ ಇದ್ದ. "ಏನ್ ಆಗಂಗಿಲ್ರಿ, ಎಲ್ಲಾರೂ ಹಿಂಗೇ ಒಯ್ತಾರ್ರಿ" ಎಂಬ ಉತ್ತರ ಬಂದಿತ್ತು.

ಹೊಸ ಔಷಧಿಯನ್ನು ತಂಪಾಗಿ ತರಿಸಿ, ಮೊದಲಿನ ಪ್ರಮಾಣದಲ್ಲಿಯೇ ಕೊಟ್ಟಾಗ ಅಕ್ಕನ ಸಕ್ಕರೆ ಹತೋಟಿಗೆ ಬಂತು. ಹಳೆಯ ಸೀಸೆಗಳನ್ನು ಯಾವ ಪ್ರಯೋಗಾಲಯಕ್ಕೂ ನಾನು ಕಳುಹಿಸಲಿಲ್ಲ. ಕಳುಹಿಸುವ ಅಗತ್ಯವೂ ನನಗೆ ಕಾಣಲಿಲ್ಲ.

ನನ್ನ ದೂರು ಇರುವುದು ಒಬ್ಬ ಅಂಗಡಿಯವನ ಮೇಲಲ್ಲ. "ಎಲ್ಲಾರೂ ಹಿಂಗೇ ಒಯ್ತಾರ್ರಿ" ಎಂಬ ಆ ಮಾತಿನ ಮೇಲೆ. ಅದು ಸತ್ಯವಾದ ಮಾತು, ಮತ್ತು ಅದು ಸತ್ಯವಾಗಿರುವುದೇ ನಮ್ಮ ಅಪರಾಧ. ತಂಪಿನಲ್ಲಿ ಇಡಬೇಕಾದ ಔಷಧಿಯನ್ನು ಕಾರ್ಖಾನೆಯಿಂದ ನಗರದ ಅಂಗಡಿಯ ಫ್ರಿಜ್ಜಿನವರೆಗೆ ಶೀತಲ ವಾಹನಗಳಲ್ಲಿ, ದಪ್ಪ ಥರ್ಮಾಕೋಲ್ ಪೆಟ್ಟಿಗೆಗಳಲ್ಲಿ, ಜೆಲ್ ತುಂಬಿದ ಪೊಟ್ಟಣಗಳ ನಡುವೆ ಜೋಪಾನವಾಗಿ ತರುತ್ತಾರೆ. ಅಂಗಡಿಗೆ ಪರವಾನಗಿ ಕೊಡುವಾಗ ಫ್ರಿಜ್ ಇದೆಯೇ ಎಂದು ಪರೀಕ್ಷಿಸುತ್ತಾರೆ. ಆದರೆ ಗ್ರಾಹಕನು ಹಣ ಕೊಟ್ಟ ಕ್ಷಣದಲ್ಲಿಯೇ ಆ ಜೋಪಾನವೆಲ್ಲ ಮುಗಿದುಹೋಗುತ್ತದೆ. ಪೆಟ್ಟಿಗೆ ಅಂಗಡಿಯಲ್ಲಿ ಉಳಿಯುತ್ತದೆ. ಔಷಧಿ ಬಿಸಿಲಿಗೆ ಬೀಳುತ್ತದೆ. ಅಂಗಡಿಯ ಮೇಲಿನ ಮಹಡಿಯಲ್ಲಿ ವಾಸಿಸುವವನಿಗೆ ಇದರಿಂದ ನಷ್ಟವಿಲ್ಲ. ನಷ್ಟವೆಲ್ಲ ಆಳಂದ, ಅಫಜಲಪುರ, ಜೇವರ್ಗಿಯ ಹಳ್ಳಿಗಳವರದು. ಯಾರ ದಾರಿ ಅತಿ ಉದ್ದವೋ, ಯಾರ ಬಿಸಿಲು ಅತಿ ತೀಕ್ಷ್ಣವೋ, ಅವರ ಪಾಲಿಗೇ ಪೆಟ್ಟಿಗೆ ಇಲ್ಲ.

ಇನ್ಸುಲಿನ್ ಒಂದು ಪ್ರೋಟೀನು. ಮೊಟ್ಟೆಯ ಬಿಳಿಭಾಗಕ್ಕೆ ಕಾವು ತಗುಲಿದರೆ ಅದು ಮತ್ತೆ ಮೊದಲಿನಂತಾಗದು ಎಂಬುದನ್ನು ತರಗತಿಯಲ್ಲಿ ನೀವು ಕೇಳಿದ್ದೀರಿ. ಇನ್ಸುಲಿನ್ನು ಅಷ್ಟು ಬೇಗ, ಅಷ್ಟು ಕಣ್ಣಿಗೆ ಕಾಣುವಂತೆ ಕೆಡುವುದಿಲ್ಲ ನಿಜ. ಆದರೆ ಕಾವಿನಲ್ಲಿ ಅದರ ಶಕ್ತಿ ಕುಂದುತ್ತ ಹೋಗುತ್ತದೆ. ಆದ್ದರಿಂದ ಒಡೆಯದ ಸೀಸೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕು. ಬಳಸಲು ಆರಂಭಿಸಿದ ಸೀಸೆಯನ್ನು ಸುಮಾರು ನಾಲ್ಕು ವಾರ ಕೋಣೆಯ ಉಷ್ಣತೆಯಲ್ಲಿ ಇಡಬಹುದು ಎನ್ನುತ್ತಾರೆ. ಆದರೆ ಆ "ಕೋಣೆ" 25-30 ಡಿಗ್ರಿಯ ಕೋಣೆ, ನಮ್ಮ ವೈಶಾಖ ಮಾಸದ ತಗಡಿನ ಕೋಣೆಯಲ್ಲ. ಹೆಪ್ಪುಗಟ್ಟಿದರೂ ಇನ್ಸುಲಿನ್ ಹಾಳಾಗುತ್ತದೆ. ಎಲ್ಲಕ್ಕಿಂತ ಕೆಟ್ಟ ಸಂಗತಿಯೆಂದರೆ, ಹಾಲು ಕೆಟ್ಟರೆ ವಾಸನೆ ಹೇಳುತ್ತದೆ, ಅನ್ನ ಹಳಸಿದರೆ ನಾಲಗೆ ಹೇಳುತ್ತದೆ. ಶಕ್ತಿ ಕುಂದಿದ ಇನ್ಸುಲಿನ್ನು ಎಷ್ಟೋ ಸಲ ತಿಳಿನೀರಿನಂತೆಯೇ ಕಾಣುತ್ತದೆ. ಸೀಸೆ ಸುಮ್ಮನಿರುವುದರಿಂದ ತಪ್ಪು ರೋಗಿಯ ತಲೆಗೆ ಬರುತ್ತದೆ. ಎಷ್ಟು ಅಕ್ಕಂದಿರು, ಎಷ್ಟು ಅವ್ವಂದಿರು ತಿನ್ನದ ಹೋಳಿಗೆಗೆ, ತಿನ್ನದ ಶೀಕರಣಿಗೆ ಬೈಸಿಕೊಂಡಿರಬಹುದು!

ಇದು ಬಡ ದೇಶ, ಇಲ್ಲಿ ಹಳ್ಳಿ ಹಳ್ಳಿಗೆ ತಂಪನ್ನು ಒಯ್ಯುವುದು ಅಸಾಧ್ಯ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಏಕೆಂದರೆ ಆ ಅಸಾಧ್ಯವನ್ನು ನಾನು ಕೈಯಾರೆ ಹಿಡಿದಿದ್ದೇನೆ.

ನಿಮ್ಮಲ್ಲಿ ಅನೇಕರಿಗೆ ನೆನಪಿರಬೇಕು. 1995ರಲ್ಲಿ ದೇಶದಾದ್ಯಂತ ಪಲ್ಸ್ ಪೋಲಿಯೊ ಆರಂಭವಾದ ಮೇಲೆ, ಆ ಭಾನುವಾರಗಳಂದು ನಮ್ಮ ಶಾಲೆಯೇ ಲಸಿಕೆಯ ಬೂತು, ಮಾಸ್ತರರೇ ಸ್ವಯಂಸೇವಕರು. ನರ್ಸಬಾಯಿಯವರು ಹೆಗಲಿಗೆ ಹಾಕಿಕೊಂಡು ಬರುತ್ತಿದ್ದ ನೀಲಿ ಡಬ್ಬಿಯನ್ನು ನೀವು ಸುತ್ತುಗಟ್ಟಿ ನೋಡುತ್ತಿದ್ದಿರಿ. ಅದರ ಗೋಡೆ ಎರಡು ಪದರದ ಪ್ಲಾಸ್ಟಿಕ್ಕು, ನಡುವೆ ದಪ್ಪನೆಯ ಫೋಮು. ಒಳಗೆ ನಾಲ್ಕು ಬದಿಗೆ ನಾಲ್ಕು ಐಸ್ ಪ್ಯಾಕುಗಳು. ಒಂದೊಂದರಲ್ಲಿ ಸುಮಾರು ನಾಲ್ಕುನೂರು ಮಿಲಿಲೀಟರು ನೀರು. ನಡುವೆ ಲಸಿಕೆಯ ಸೀಸೆಗಳು, ಮೇಲೊಂದು ಫೋಮಿನ ಮುಚ್ಚಿಗೆ. ಅದರಲ್ಲಿ ವಿದ್ಯುತ್ತಿಲ್ಲ, ಯಂತ್ರವಿಲ್ಲ, ಕೆಡುವ ಭಾಗವೇ ಇಲ್ಲ. ಡಬ್ಬಿಯ ಮೇಲೆ ಕೂರಬಾರದು, ಬಿಸಿಲಿಗಿಡಬಾರದು, ಪದೇ ಪದೇ ತೆರೆಯಬಾರದು ಎಂದು ನರ್ಸಬಾಯಿಯವರು ಮಾಸ್ತರರಿಗೇ ಪಾಠ ಹೇಳುತ್ತಿದ್ದರು. ಪ್ರತಿ ಸೀಸೆಯ ಮೇಲೆ ಒಂದು ಸಣ್ಣ ವೃತ್ತ, ವೃತ್ತದೊಳಗೆ ಒಂದು ಬಿಳಿ ಚೌಕ. ಕಾವು ತಗುಲಿದಷ್ಟೂ ಚೌಕ ಕಪ್ಪಾಗುತ್ತ ಬರುತ್ತದೆ. ವೃತ್ತದ ಬಣ್ಣಕ್ಕೆ ಸಮನಾದರೆ ಆ ಸೀಸೆಯನ್ನು ಎಸೆಯಬೇಕು. ಅಕ್ಷರ ಬಾರದವರೂ ಓದಬಲ್ಲ ಬರಹವದು.

ಬೇರೆ ಲಸಿಕೆಗಳ ದಿನ ಅವರು ಇನ್ನೊಂದು ಸೂಕ್ಷ್ಮವನ್ನು ಪಾಲಿಸುತ್ತಿದ್ದರು. ನಾಯಿಕೆಮ್ಮು, ಗಂಟಲುಮಾರಿ, ಧನುರ್ವಾಯುವಿನ ಲಸಿಕೆ ಹೆಪ್ಪುಗಟ್ಟಿದರೆ ನಿರುಪಯುಕ್ತವಾಗುತ್ತದೆ. ಆದ್ದರಿಂದ ಫ್ರೀಜರಿನಿಂದ ತೆಗೆದ ಐಸ್ ಪ್ಯಾಕನ್ನು ಕೂಡಲೇ ಡಬ್ಬಿಯಲ್ಲಿ ಇಡುತ್ತಿರಲಿಲ್ಲ. ಅದು ಹೊರಗೆ ಬೆವರಿ, ಕಿವಿಯ ಬಳಿ ಅಲುಗಾಡಿಸಿದಾಗ ಒಳಗೆ ನೀರಿನ ಸದ್ದು ಕೇಳುವವರೆಗೆ ಕಾಯುತ್ತಿದ್ದರು. ಒಂದು ಹಳ್ಳಿಯ ನರ್ಸಬಾಯಿ ಐಸ್ ಪ್ಯಾಕನ್ನು ಕಿವಿಗೆ ಹಿಡಿದು ಆಲಿಸುವ ಆ ದೃಶ್ಯವನ್ನು ನಾನು ವಿಜ್ಞಾನದ ಅತ್ಯುತ್ತಮ ಪ್ರಯೋಗಗಳಲ್ಲಿ ಒಂದೆಂದು ಎಣಿಸುತ್ತೇನೆ. ಇಂಥ ಲಕ್ಷಾಂತರ ಕೈಗಳಿಂದಲೇ 2011ರ ಜನವರಿಯ ನಂತರ ನಮ್ಮ ದೇಶದಲ್ಲಿ ನಿಸರ್ಗದತ್ತ ಪೋಲಿಯೊ ವೈರಾಣುವಿನ ಒಂದು ಪ್ರಕರಣವೂ ಕಾಣಲಿಲ್ಲ. 2014ರ ಮಾರ್ಚಿನಲ್ಲಿ ಪೋಲಿಯೊಮುಕ್ತ ಎಂಬ ಪ್ರಮಾಣಪತ್ರ ದೊರೆಯಿತು. 2021ರ ಜನವರಿಯಲ್ಲಿ ಕೋವಿಡ್ ಲಸಿಕೆ ಬಂದಾಗಲೂ ಇದೇ ಡಬ್ಬಿಗಳು, ಇದೇ ಹೆಗಲುಗಳು ಅದನ್ನು ಹಳ್ಳಿಗೆ ಮುಟ್ಟಿಸಿದವು.

ಅಂದಮೇಲೆ ಭೂಸನೂರಿಗೆ ತಂಪು ಬರಲಾರದು ಎಂಬುದು ಸುಳ್ಳು. ಮಗುವಿನ ಲಸಿಕೆಗೆ ಬಂದ ತಂಪು ಮುದುಕಿಯ ಔಷಧಿಗೆ ಬರಲಿಲ್ಲ, ಅಷ್ಟೇ. ಲಸಿಕೆಯು ಮಗುವಿನ ಬಾಯಿಗೆ ಬೀಳುವವರೆಗೆ ಅದು ಸರ್ಕಾರದ ಹೊಣೆ ಎಂದು ಬರೆದಿಟ್ಟರು. ಹಾಗೆ ಬರೆದದ್ದರಿಂದ ಡಬ್ಬಿ ಬಂತು. ಇನ್ಸುಲಿನ್ನು ಅಂಗಡಿಯ ಮೆಟ್ಟಿಲು ಇಳಿದ ಮೇಲೆ ಯಾರ ಹೊಣೆ ಎಂದು ಯಾರೂ ಬರೆಯಲಿಲ್ಲ; ಹಾಗಾಗಿ ಕ್ಯಾರಿಬ್ಯಾಗು ಬಂತು.

ಹಿಂದಿನ ಕಾಲವನ್ನು ನೋಡಿದರೆ ಇನ್ನೂ ನಾಚಿಕೆಯಾಗುತ್ತದೆ. 1833ರ ಮೇ ತಿಂಗಳಲ್ಲಿ ಅಮೆರಿಕದ ಬೋಸ್ಟನ್ ಬಂದರಿನಿಂದ 'ಟಸ್ಕನಿ' ಎಂಬ ಹಡಗು ಸುಮಾರು 180 ಟನ್ ಬರ್ಫವನ್ನು ಹೇರಿಕೊಂಡು ಕಲ್ಕತ್ತೆಗೆ ಹೊರಟಿತು. ಅದು ಕೆರೆಗಳಲ್ಲಿ ಚಳಿಗಾಲದಲ್ಲಿ ಕೊಯ್ದ ಬರ್ಫ. ಫ್ರೆಡರಿಕ್ ಟ್ಯೂಡರ್ ಎಂಬ ವ್ಯಾಪಾರಿಯ ಸಾಹಸವದು. ನಾಲ್ಕು ತಿಂಗಳ ಪಯಣ, ಎರಡು ಸಲ ಭೂಮಧ್ಯರೇಖೆಯನ್ನು ದಾಟುವ ದಾರಿ. ಸೆಪ್ಟೆಂಬರಿನಲ್ಲಿ ಕಲ್ಕತ್ತೆ ತಲುಪಿದಾಗ ಸುಮಾರು 100 ಟನ್ ಕರಗದೆ ಉಳಿದಿತ್ತು. ಕಾಪಾಡಿದ್ದು ಯಾವ ಯಂತ್ರವೂ ಅಲ್ಲ, ಮರದ ಹೊಟ್ಟಿನಂಥ ಅಗ್ಗದ ಹೊದಿಕೆ. ಮದರಾಸಿನಲ್ಲಿ ಆ ಬರ್ಫವನ್ನು ಇಡಲು ಕಟ್ಟಿದ 'ಐಸ್ ಹೌಸ್' ಇಂದಿಗೂ ಸಮುದ್ರ ದಂಡೆಯ ಎದುರಿಗಿದೆ; 1897ರಲ್ಲಿ ಸ್ವಾಮಿ ವಿವೇಕಾನಂದರು ತಂಗಿದ್ದ ಆ ಮನೆ ಈಗ ಅವರ ಹೆಸರಿನಲ್ಲಿದೆ. ದೊರೆಗಳ ಪಾನೀಯದ ಲೋಟಕ್ಕಾಗಿ ಸುಮಾರು ಇನ್ನೂರು ವರ್ಷಗಳ ಹಿಂದೆ ಅರ್ಧ ಜಗತ್ತನ್ನು ದಾಟಿದ ತಂಪು, ಒಬ್ಬ ರೈತಗಿತ್ತಿಯ ಪ್ರಾಣಕ್ಕಾಗಿ ಕಲಬುರಗಿಯಿಂದ ಆಳಂದ ದಾಟುವುದಿಲ್ಲವೆಂದರೆ, ಕೊರತೆ ವಿದ್ಯೆಯದಲ್ಲ, ಮನಸ್ಸಿನದು.

ನನ್ನ ಕಂಬಳಿಯ ಪಾಠವನ್ನು ಮರೆತಿರಲಾರಿರಿ. ಆಳಂದದಿಂದ ತರಿಸಿದ ಬರ್ಫದ ಎರಡು ತುಂಡು. ಒಂದು ತಟ್ಟೆಯಲ್ಲಿ, ಇನ್ನೊಂದು ಕುರಿಯ ಕಂಬಳಿಯೊಳಗೆ. "ಕಂಬಳಿ ಹೊಚ್ಚಿದ್ರ ಬರ್ಫಕ್ಕ ಸೆಕಿ ಆಗಿ ಲಗೂ ಕರಗತದ್ರಿ ಸರ" ಎಂದು ಇಡೀ ತರಗತಿ ಕೂಗುತ್ತಿತ್ತು. ಪಾಠ ಮುಗಿಯುವಷ್ಟರಲ್ಲಿ ತಟ್ಟೆಯದು ನೀರಾಗಿ, ಕಂಬಳಿಯದು ಉಳಿದಿರುತ್ತಿತ್ತು. ಕಂಬಳಿ ಕಾವನ್ನು ಹುಟ್ಟಿಸುವುದಿಲ್ಲ, ಕಾವು ದಾಟದಂತೆ ತಡೆಯುತ್ತದೆ. ತಡೆಯುವುದು ಉಣ್ಣೆಯ ಎಳೆಗಳ ನಡುವೆ ಸಿಕ್ಕಿ ಅಲುಗಾಡದೆ ನಿಂತ ಗಾಳಿ. ಥರ್ಮಾಕೋಲಿನಲ್ಲಿ ನೂರಕ್ಕೆ ತೊಂಬತ್ತೆಂಟು ಪಾಲು ಇರುವುದೂ ಗಾಳಿಯೇ. ಏಳನೆಯ ತರಗತಿಯ ಮಕ್ಕಳಿಗೆ ಅರ್ಥವಾದ ಸಂಗತಿಯನ್ನು ಔಷಧ ವ್ಯಾಪಾರಕ್ಕೆ ಅರ್ಥಮಾಡಿಸಲು ಇನ್ನೆಷ್ಟು ವರ್ಷ ಬೇಕು?

ನನ್ನ ಮಾತಿಗೆ ಬರುವ ಆಕ್ಷೇಪಣೆಗಳನ್ನು ನಾನು ಬಲ್ಲೆ.

ಇತ್ತೀಚಿನ ಸಂಶೋಧನೆ ಫ್ರಿಜ್ ಬೇಡವೆನ್ನುತ್ತದೆಯಲ್ಲ ಎಂದು ವೈದ್ಯನಾಗಿರುವ ಶಿಷ್ಯನೊಬ್ಬ ಫೋನಿನಲ್ಲಿ ಕೇಳಿದ. ಅದನ್ನೂ ಓದಿದ್ದೇನೆ. ಕೀನ್ಯಾ ದೇಶದ ನಿರಾಶ್ರಿತರ ಶಿಬಿರದ ಮನೆಗಳ ಉಷ್ಣತೆಯನ್ನು ಅಳೆದು, 25ರಿಂದ 37 ಡಿಗ್ರಿಯ ನಡುವೆ ಏರಿಳಿಯುವ ವಾತಾವರಣದಲ್ಲಿ ಇನ್ಸುಲಿನ್ ನಾಲ್ಕು ವಾರ ತನ್ನ ಶಕ್ತಿಯನ್ನು ಉಳಿಸಿಕೊಳ್ಳುತ್ತದೆಂದು 2021ರಲ್ಲಿ ಪ್ರಕಟಿಸಿದರು. ಫ್ರಿಜ್ ಇಲ್ಲದ ಬಡವರಿಗೆ ಅದು ಬಹು ದೊಡ್ಡ ಸಮಾಧಾನ. ಆದರೆ 37 ಎಂದರೆ 43 ಅಲ್ಲ. ನಾಲ್ಕು ವಾರ ಎಂದರೆ ಮೂರು ತಿಂಗಳಲ್ಲ. ಮನೆಯ ನೆರಳು ಎಂದರೆ ಬಸ್ಸಿನ ಇಂಜಿನ್ನಿನ ಮಗ್ಗುಲಲ್ಲ. ಬಡವನ ಧೈರ್ಯಕ್ಕಾಗಿ ಹುಟ್ಟಿದ ಸಂಶೋಧನೆಯನ್ನು ವ್ಯಾಪಾರಿಯ ಸೋಮಾರಿತನಕ್ಕೆ ಗುರಾಣಿ ಮಾಡಬಾರದು.

ಥರ್ಮಾಕೋಲು ಪರಿಸರಕ್ಕೆ ವಿಷ ಎನ್ನುವವರ ಮಾತು ನಿಜ. ನಮ್ಮ ರಾಜ್ಯ 2016ರಲ್ಲಿಯೇ ಥರ್ಮಾಕೋಲಿನ ತಟ್ಟೆ ಲೋಟಗಳಂಥವನ್ನು ನಿಷೇಧಿಸಿತು; 2022ರ ಜುಲೈಯಿಂದ ಅಲಂಕಾರದ ಥರ್ಮಾಕೋಲಿಗೂ ದೇಶದಾದ್ಯಂತ ನಿಷೇಧ ಬಂತು. ಎರಡನ್ನೂ ಸ್ವಾಗತಿಸಿದವನು ನಾನು. ಆದರೆ ಒಮ್ಮೆ ಬಳಸಿ ತಿಪ್ಪೆಗೆ ಎಸೆಯುವ ಪೆಟ್ಟಿಗೆಯನ್ನು ನಾನು ಕೇಳುತ್ತಿಲ್ಲ. ಲಸಿಕೆಯ ನೀಲಿ ಡಬ್ಬಿ ವರ್ಷಗಟ್ಟಲೆ ಬಾಳುತ್ತದೆ. ಗ್ಯಾಸ್ ಸಿಲಿಂಡರಿಗೆ ಠೇವಣಿ ಇಟ್ಟು ಒಯ್ಯುತ್ತೇವೆ, ಖಾಲಿಯಾದದ್ದನ್ನು ಮರಳಿಸುತ್ತೇವೆ. ಔಷಧಿಯ ಚಿಕ್ಕ ಡಬ್ಬಿಗೂ ಠೇವಣಿ ಕೊಟ್ಟು ಒಯ್ದು, ಮುಂದಿನ ಸಲ ಮರಳಿ ತರುವುದು ನಮ್ಮ ಜನಕ್ಕೆ ಕಲಿಸಬೇಕಾದ ವಿದ್ಯೆಯೇನಲ್ಲ.

ಇನ್ನು ಖರ್ಚಿನ ಮಾತು. ಇನ್ಸುಲಿನ್ನನ್ನು 1921ರಲ್ಲಿ ಟೊರಾಂಟೊದಲ್ಲಿ ಕಂಡುಹಿಡಿದ ಬ್ಯಾಂಟಿಂಗ್, ಬೆಸ್ಟ್ ಮತ್ತು ಕಾಲಿಪ್ ಅದರ ಪೇಟೆಂಟನ್ನು ಒಬ್ಬೊಬ್ಬರು ಒಂದೊಂದು ಡಾಲರಿಗೆ ವಿಶ್ವವಿದ್ಯಾಲಯಕ್ಕೆ ಒಪ್ಪಿಸಿದರು. ಕಂಡುಹಿಡಿದವರೇ ಲಾಭವನ್ನು ಬಿಟ್ಟುಕೊಟ್ಟ ಔಷಧಿಯನ್ನು ಮಾರುವವರು ಒಂದು ಚೀಲ, ಒಂದು ಜೆಲ್ ಪೊಟ್ಟಣದ ಲೆಕ್ಕ ಹಾಕುವುದು ಸಭ್ಯತೆಯಲ್ಲ. ಐಸ್‌ಕ್ರೀಮಿಗೆ ಹೊಂದುವ ಲೆಕ್ಕ ಔಷಧಿಗೆ ಏಕೆ ಹೊಂದುವುದಿಲ್ಲ?

ಒಯ್ಯುವುದು ನಿಜವಾಗಿಯೂ ಕಷ್ಟವಾದ ಕಡೆ ವಿಜ್ಞಾನವು ಔಷಧಿಯನ್ನೇ ಬದಲಿಸಿದೆ. ಹಾವು ಕಚ್ಚಿದವರಿಗೆ ಕೊಡುವ ಪ್ರತಿವಿಷವನ್ನು ಹೆಪ್ಪುಗಟ್ಟಿಸಿ ಒಣಗಿಸಿ ಪುಡಿ ಮಾಡುತ್ತಾರೆ. ಆ ಪುಡಿ ಫ್ರಿಜ್ ಇಲ್ಲದೆಯೂ ಉಳಿಯುತ್ತದೆ. ಆದ್ದರಿಂದ ಇರುವ ದಾರಿಗಳು ಎರಡೇ: ಔಷಧಿಯನ್ನು ಕಾವಿಗೆ ತಡೆಯುವಂತೆ ಮಾಡಬೇಕು, ಇಲ್ಲವೆ ಔಷಧಿಯ ಜೊತೆ ತಂಪನ್ನೂ ಕಳುಹಿಸಬೇಕು. ಹಳ್ಳಿಯವರ ಹಣೆಬರಹಕ್ಕೆ ಬಿಡುವುದು ಮೂರನೆಯ ದಾರಿಯಲ್ಲ.

ನಾನು ಕೇಳುವುದು ಮೂರೇ ಸಂಗತಿಗಳನ್ನು. ಒಂದು, ತಂಪಿನ ಔಷಧಿಯನ್ನು ತಂಪಿನ ಹೊದಿಕೆಯಿಲ್ಲದೆ ಅಂಗಡಿಯವರು ಕೊಡಕೂಡದು, ಕೊರಿಯರಿನವರು ಒಯ್ಯಕೂಡದು; ಇದು ಸೌಜನ್ಯದ ಮಾತಾಗಿರದೆ ಪರವಾನಗಿಯ ಷರತ್ತಾಗಬೇಕು. ಎರಡು, ಪೋಲಿಯೊ ಸೀಸೆಯ ಮೇಲಿದ್ದಂಥ ಬಣ್ಣ ಬದಲಿಸುವ ಗುರುತು ಇನ್ಸುಲಿನ್ ಸೀಸೆಯ ಮೇಲೆಯೂ ಇರಬೇಕು. ಸುಳ್ಳು ಹೇಳುತ್ತಿರುವುದು ರೋಗಿಯೋ ಔಷಧಿಯೋ ಎಂಬುದು ಕಣ್ಣಿಗೆ ಕಾಣಬೇಕು. ಮೂರು, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಇಂಥ ಔಷಧಿಗಳಿಗಾಗಿ ಬೇರೊಂದು ಫ್ರಿಜ್ ಇರಬೇಕು. ಲಸಿಕೆಯ ಫ್ರಿಜ್ಜಿನಲ್ಲಿ ಬೇರೆ ಔಷಧಿ ಇಡಬಾರದೆಂಬ ನಿಯಮ ಸರಿಯಾದುದೇ. ಅದನ್ನು ಮುರಿಯಿರೆಂದು ನಾನು ಹೇಳುವುದಿಲ್ಲ. ಆದರೆ ಅದರ ಪಕ್ಕದಲ್ಲಿ ಇನ್ನೊಂದನ್ನು ಇಡಬಾರದೆಂದು ಯಾವ ನಿಯಮವೂ ಇಲ್ಲ.

ಅದುವರೆಗೆ ನೀವು ಮಾಡಬಹುದಾದದ್ದನ್ನು ಹೇಳಿ ಮುಗಿಸುತ್ತೇನೆ. ಔಷಧಿ ತರಲು ಹೋಗುವಾಗ ಅಗಲ ಬಾಯಿಯ ಫ್ಲಾಸ್ಕನ್ನೋ ತಂಪಿನ ಚೀಲವನ್ನೋ ಒಯ್ಯಿರಿ. ಬರ್ಫವನ್ನು ಬಟ್ಟೆಯಲ್ಲಿ ಸುತ್ತಿ ಇಡಿರಿ, ಸೀಸೆಗೆ ನೇರವಾಗಿ ತಾಗದಿರಲಿ. ಮನೆಯಲ್ಲಿ ಫ್ರೀಜರಿನಲ್ಲಿ ಇಡಬೇಡಿರಿ. ಫ್ರಿಜ್ ಇಲ್ಲದಿದ್ದರೆ, ಕರೆಂಟು ಕೈಕೊಟ್ಟರೆ, ದೊಡ್ಡ ಮಣ್ಣಿನ ಗಡಿಗೆಯಲ್ಲಿ ಚಿಕ್ಕ ಗಡಿಗೆಯನ್ನಿಟ್ಟು ನಡುವೆ ಹಸಿ ಉಸುಕು ತುಂಬಿ, ಗಾಳಿಯಾಡುವ ನೆರಳಿನಲ್ಲಿ ಇಡಿರಿ. ಔಷಧಿ ಒದ್ದೆಯಾಗದಂತೆ ಮುಚ್ಚಳದ ಡಬ್ಬಿಯಲ್ಲಿರಲಿ. ನಮ್ಮ ಒಣ ಬಿಸಿಲಿನಲ್ಲಿ ಅದು ಚೆನ್ನಾಗಿ ತಂಪಾಗುತ್ತದೆ. ಸಕ್ಕರೆ ಕಾರಣವಿಲ್ಲದೆ ಏರಿದರೆ ಪ್ರಮಾಣವನ್ನು ನೀವೇ ಬದಲಿಸಬೇಡಿರಿ. ಸೀಸೆಯನ್ನೂ ಅದು ಬಂದ ದಾರಿಯ ಕಥೆಯನ್ನೂ ವೈದ್ಯರ ಮುಂದಿಡಿರಿ. ನಿಮ್ಮಲ್ಲಿ ಔಷಧ ಅಂಗಡಿ ಇಟ್ಟಿರುವ ಮೂವರಿದ್ದೀರಿ, ನನಗೆ ಗೊತ್ತು. ಕಾನೂನು ಬರುವವರೆಗೆ ಕಾಯಬೇಡಿರಿ. ಕಂಬಳಿಯ ಪಾಠ ಕೇಳಿದವರು ನೀವು.

ಅಕ್ಕ ಈಗ ಇಲ್ಲ. ಅವಳು ತೀರಿಕೊಂಡದ್ದು ಬೇರೆ ಕಾಯಿಲೆಯಿಂದ, ವಯಸ್ಸೂ ಆಗಿತ್ತು. ಆಸ್ಪತ್ರೆಯಿಂದ ಮನೆಗೆ ಬಂದ ದಿನ ನಾನು ತಪ್ಪಾಯಿತೆಂದು ಹೇಳಬೇಕೆಂದುಕೊಂಡೆ, "ಉಂಡೇನೋ ತಮ್ಮಾ?" ಎಂದು ಅವಳೇ ಮೊದಲು ಕೇಳಿದಳು, ನನ್ನ ಮಾತು ಗಂಟಲಲ್ಲಿಯೇ ಉಳಿಯಿತು. ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಎಲ್ಲರೆದುರಿಗೆ ಬರೆದಿದ್ದೇನೆ. ಅವಳು ಶೀಕರಣಿ ತಿಂದಿರಲಿಲ್ಲ.

ಇಂತಿ,
ನಿಮ್ಮ ಮಾಸ್ತರು